ಚಳಿಗಾಲದ ಎರ್ಗ್ ಪಟ್ಟಿಯನ್ನು ನಂಬಿ ಹುಡುಗಿಯರ ತಂಡವನ್ನು ಆರಿಸಬಹುದೇ?

ಹೊಸ ಕೋಚ್ (ಪ್ರಶ್ನೆ):

ವಸಂತ ಋತುವಿನ ಮೊದಲ ರೋಯಿಂಗ್ (ಹುಟ್ಟು ಹಾಕುವ ದೋಣಿ) ರೇಸಿಗೆ ಇನ್ನು ಎಂಟು ವಾರಗಳಿವೆ. ನನ್ನ ಕೈಯಲ್ಲಿ ಹದಿನೈದರಿಂದ ಹದಿನೇಳು ವಯಸ್ಸಿನ ಹದಿನಾಲ್ಕು ಹುಡುಗಿಯರೂ, ದೋಣಿಗೆ ದಿಕ್ಕು ಹಿಡಿದು ಆದೇಶ ಕೊಡುವ ಇಬ್ಬರು ಕಾಕ್ಸ್‌ಗಳೂ ಇದ್ದಾರೆ. ಚಳಿಗಾಲವನ್ನೆಲ್ಲ ಎರ್ಗ್ (ಒಳಾಂಗಣದಲ್ಲಿ ಹುಟ್ಟು ಹಾಕುವ ಯಂತ್ರ) ಮೇಲೆಯೇ ಕಳೆದು, ನೀರಿಗೆ ಇಳಿದು ಇವತ್ತಿಗೆ ನಾಲ್ಕನೆಯ ದಿನ. ಎಂಟರ ದೋಣಿಗೆ ಎಂಟು ಜನರನ್ನು ಆರಿಸಬೇಕು; ಉಳಿದ ಆರು ಜನರಲ್ಲಿ ನಾಲ್ವರು ನಾಲ್ಕರ ದೋಣಿಗೆ ಹೋಗುತ್ತಾರೆ.

ನನ್ನ ಸಮಸ್ಯೆ ಹೀಗಿದೆ. 2000 ಮೀಟರ್ ಎರ್ಗ್ ಪರೀಕ್ಷೆಯಲ್ಲಿ ಮೊದಲು ಬಂದವಳ ಸಮಯ 7 ನಿಮಿಷ 44 ಸೆಕೆಂಡು. ಒಂಬತ್ತನೆಯವಳದು 8 ನಿಮಿಷ 12 ಸೆಕೆಂಡು. ಆದರೆ ಮೊದಲಿನವಳು ಕೂತ ದೋಣಿ ಪ್ರತಿ ಸ್ಟ್ರೋಕಿಗೂ ಒಮ್ಮೆ ತಡವರಿಸಿ ನಿಂತಂತಾಗುತ್ತದೆ. ಒಂಬತ್ತನೆಯವಳನ್ನು ಕೂರಿಸಿದ ದಿನ ಅದೇ ದೋಣಿ ಸದ್ದಿಲ್ಲದೆ ಸಾಗುತ್ತದೆ. ಕಳೆದ ವರ್ಷದವರೆಗೆ ಇಲ್ಲಿ ಎರ್ಗ್ ಪಟ್ಟಿಯ ಮೊದಲ ಎಂಟು ಹೆಸರುಗಳೇ ತಂಡವಾಗುತ್ತಿದ್ದವಂತೆ. ಆ ಪಟ್ಟಿ ದೋಣಿಮನೆಯ ಗೋಡೆಯ ಮೇಲೆ ಈಗಲೂ ಅಂಟಿಕೊಂಡಿದೆ, ಹುಡುಗಿಯರು ಬಂದಾಗ ಹೋಗುವಾಗ ಅದನ್ನೇ ನೋಡುತ್ತಾರೆ. ನಾನು ಸ್ವತಃ ಹುಟ್ಟು ಹಾಕಿದವಳೇ ಆದರೂ ತರಬೇತಿ ಕೊಡುತ್ತಿರುವುದು ಇದೇ ಮೊದಲು. ಅಂಕಿಯನ್ನು ನಂಬಲೇ, ಕಣ್ಣನ್ನು ನಂಬಲೇ?

ಹಳೆಯ ಕೋಚ್:

ಮೇಡಂ, ಮೊದಲು ಅಂಕಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. 7:44 ಎಂದರೆ 500 ಮೀಟರಿಗೆ 1:56ರ ಸ್ಪ್ಲಿಟ್, ಸುಮಾರು 224 ವ್ಯಾಟ್. 8:12 ಎಂದರೆ 2:03ರ ಸ್ಪ್ಲಿಟ್, ಸುಮಾರು 188 ವ್ಯಾಟ್. ವ್ಯತ್ಯಾಸ 36 ವ್ಯಾಟ್. ನಿಮ್ಮ ಹುಡುಗಿಯರ ಸರಾಸರಿ 195 ವ್ಯಾಟ್ ಎಂದಿಟ್ಟುಕೊಂಡರೆ ಎಂಟು ಜನರದು ಒಟ್ಟು 1560 ವ್ಯಾಟ್ ಆಗುತ್ತದೆ, ಅದರಲ್ಲಿ ಈ 36 ಎಂದರೆ ಶೇಕಡಾ 2.3. ನೀರಿನ ಪ್ರತಿರೋಧವನ್ನು ಮೀರಿ ಹೋಗಲು ಬೇಕಾದ ಶಕ್ತಿ ಹೆಚ್ಚುಕಡಿಮೆ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ವೇಗದಲ್ಲಿ ಸಿಗುವ ಲಾಭ ಅದರ ಮೂರನೆಯ ಒಂದು ಭಾಗ ಮಾತ್ರ, ಅಂದರೆ ಶೇಕಡಾ 0.8ಕ್ಕೆ ಸ್ವಲ್ಪ ಕಡಿಮೆ. ಏಳು ನಿಮಿಷದ ರೇಸಿನಲ್ಲಿ ಅದು ಮೂರು ಸೆಕೆಂಡು ಚಿಲ್ಲರೆ, ಸುಮಾರು 15 ಮೀಟರ್, ಹತ್ತಿರಹತ್ತಿರ ಒಂದು ದೋಣಿಯುದ್ದ. ಇಷ್ಟನ್ನು ಸುಮ್ಮನೆ ಬಿಟ್ಟುಕೊಡಲು ಯಾವ ಕೋಚ್‌ಗೂ ಮನಸ್ಸು ಬರುವುದಿಲ್ಲ, ಬರಲೂಬಾರದು.

ಆದರೆ ಇದು ಕಾಗದದ ಮೇಲಿನ ಲೆಕ್ಕ. ಎರ್ಗ್ ನೆಲಕ್ಕೆ ಕಚ್ಚಿಕೊಂಡು ನಿಂತಿರುತ್ತದೆ. ಹುಡುಗಿ ಹಿಂದೆ ಮುಂದೆ ಓಡಾಡಿದರೆ ಅದಕ್ಕೇನೂ ಆಗುವುದಿಲ್ಲ. ಎಂಟರ ದೋಣಿಯ ಕನಿಷ್ಠ ತೂಕ 96 ಕೆ.ಜಿ.; ಅದರೊಳಗೆ ಸ್ಲೈಡ್ (ಸೀಟು ಜಾರುವ ಹಳಿ) ಮೇಲೆ ಚಲಿಸುವ ಎಂಟು ದೇಹಗಳ ತೂಕ ಅದರ ಐದು ಪಟ್ಟು. ಹಾಗಾಗಿ ದೇಹ ಹೇಗೆ ಚಲಿಸುತ್ತದೋ ದೋಣಿ ಅದಕ್ಕೆ ವಿರುದ್ಧವಾಗಿ ಪ್ರತಿಕ್ರಿಯಿಸುತ್ತದೆ. ಹುಟ್ಟನ್ನು ಎಳೆಯುವಾಗಲೇ ದೋಣಿ ಅತಿ ವೇಗವಾಗಿರುತ್ತದೆ ಎಂದು ಹೊಸಬರು ಭಾವಿಸುತ್ತಾರೆ. ವಾಸ್ತವವಾಗಿ ಅದರ ಗರಿಷ್ಠ ವೇಗ ಇರುವುದು ರಿಕವರಿಯಲ್ಲಿ, ಅಂದರೆ ಹುಟ್ಟಿನ ಅಲಗು ನೀರಿನಿಂದ ಹೊರಗಿದ್ದು ಹುಡುಗಿಯರು ಸ್ಲೈಡ್ ಮೇಲೆ ದೋಣಿಯ ಹಿಂಬದಿಗೆ ಬರುತ್ತಿರುವಾಗ. ಆ ಹೊತ್ತಿನಲ್ಲಿ ಒಬ್ಬಳು ಸ್ಲೈಡಿನ ತುದಿಗೆ ರಭಸದಿಂದ ಬಂದು ಅಪ್ಪಳಿಸಿದರೆ, ಓಡುತ್ತಿರುವ ದೋಣಿಗೆ ಅವಳೇ ಬ್ರೇಕ್ ಹಾಕಿದಂತೆ. ನೀವು ಮೋಟಾರು ದೋಣಿಯಲ್ಲಿ ಪಕ್ಕಕ್ಕೆ ಬಂದು, ಕಾಕ್ಸ್‌ನ ಬೆನ್ನ ಹಿಂದಿನ ತುದಿಯನ್ನೇ ದಿಟ್ಟಿಸಿ ನೋಡಿ. ಕ್ಯಾಚ್ (ಅಲಗು ನೀರನ್ನು ಹಿಡಿಯುವ ಕ್ಷಣ) ಹೊತ್ತಿಗೆ ಅದು ಕುಸಿದು, ಅಲ್ಲಿ ನೀರು ಗುಡ್ಡೆ ಕಟ್ಟಿದರೆ ನಿಮ್ಮ ಕಣ್ಣು ಸುಳ್ಳು ಹೇಳುತ್ತಿಲ್ಲ.

ಆದರೂ ನಾಲ್ಕನೆಯ ದಿನಕ್ಕೇ ತೀರ್ಮಾನಕ್ಕೆ ಬರಬೇಡಿ. ಮೊದಲ ಮೂರು ವಾರ ಯಾರನ್ನೂ ಆರಿಸದೆ, ನಿಮಿಷಕ್ಕೆ 16ರಿಂದ 20 ಸ್ಟ್ರೋಕಿನ ಒಳಗೇ ಇಟ್ಟು, ಎಲ್ಲರನ್ನೂ ಎಲ್ಲ ಸೀಟುಗಳಲ್ಲೂ ಕೂರಿಸಿ ನೋಡಿ. ನಾಲ್ವರು ಹುಟ್ಟು ಹಾಕುವಾಗ ಉಳಿದ ನಾಲ್ವರು ಅಲಗನ್ನು ನೀರಿನ ಮೇಲೆ ಚಪ್ಪಟೆಯಾಗಿ ಹಿಡಿದು ದೋಣಿಯನ್ನು ನಿಲ್ಲಿಸಿಕೊಡಲಿ. ಜೊತೆಗೆ ಪ್ರತಿದಿನ ಹತ್ತು ನಿಮಿಷ ಷೂವಿನಿಂದ ಕಾಲು ಹೊರಗಿಟ್ಟು ಹುಟ್ಟು ಹಾಕಿಸಿ. ಷೂ ಪಟ್ಟಿಗೆ ಕಾಲು ಸಿಕ್ಕಿಸಿ ದೇಹವನ್ನು ಎಳೆದುಕೊಳ್ಳುವ ಅಭ್ಯಾಸ ಇರುವವಳು ಫಿನಿಶ್‌ನಲ್ಲಿ, ಅಂದರೆ ಎಳೆತ ಮುಗಿಯುವಾಗ, ಹಿಂದಕ್ಕೆ ಉರುಳಿಬಿಡುತ್ತಾಳೆ; ನೀವು ಬಾಯಿ ಬಿಟ್ಟು ಹೇಳುವ ಅಗತ್ಯವೇ ಬೀಳುವುದಿಲ್ಲ.

ಇನ್ನೊಂದು ಮಾತು: ಆ 7:44ನ್ನು ಅವಳು ಎರ್ಗ್‌ನಲ್ಲಿ ಗಾಳಿಯ ತಡೆಯನ್ನು ಹೊಂದಿಸುವ ಡ್ಯಾಂಪರ್ ಎಷ್ಟಕ್ಕಿಟ್ಟು ಮಾಡಿದಳು?

ಹೊಸ ಕೋಚ್:

ಹತ್ತಕ್ಕೆ, ಸರ್. ಗಟ್ಟಿಗರು ಹತ್ತಕ್ಕೇ ಇಡಬೇಕು ಎಂಬ ನಂಬಿಕೆ ಇಲ್ಲಿ ಎಲ್ಲರಲ್ಲೂ ಇದೆ.

ಹಳೆಯ ಕೋಚ್:

ಹಾಗೆಂದೇ ಊಹಿಸಿದ್ದೆ. ಡ್ಯಾಂಪರ್ ಸಂಖ್ಯೆಯನ್ನು ಮರೆತು, ಯಂತ್ರದ ಪರದೆಯಲ್ಲಿ ಡ್ರ್ಯಾಗ್ ಫ್ಯಾಕ್ಟರ್ (ನಿಜವಾದ ತಡೆಯ ಅಂಕಿ) ನೋಡಿ, ಈ ವಯಸ್ಸಿನ ಹುಡುಗಿಯರಿಗೆ 100ರಿಂದ 115ರ ಆಸುಪಾಸಿನಲ್ಲಿ ಇಡಿಸಿ. ಹತ್ತಕ್ಕಿಟ್ಟ ಯಂತ್ರ ಭಾರವಾದ, ನಿಧಾನವಾದ ಎಳೆತವನ್ನು ಕಲಿಸುತ್ತದೆ. ಓಡುತ್ತಿರುವ ಎಂಟರ ದೋಣಿಯಲ್ಲಿ ನೀರು ಕೈಗೆ ಸಿಗುವುದು ಕ್ಷಣಮಾತ್ರ. ಆ ಕ್ಷಣದಲ್ಲಿ ಚುರುಕಾಗಿ ಹಿಡಿಯಲು ಬಾರದವಳ ಬಲ ವ್ಯರ್ಥವಾಗುತ್ತದೆ.

ಅಂಕಿಯ ಪಕ್ಷದವನು:

ಈ ಚರ್ಚೆ ಸಾಗುತ್ತಿರುವ ದಿಕ್ಕು ನನಗೆ ಸ್ವಲ್ಪ ಭಯ ಹುಟ್ಟಿಸುತ್ತಿದೆ. ನಾನು ಹದಿನಾರು ವರ್ಷದವನಿದ್ದಾಗ ನಮ್ಮ ತಂಡದಲ್ಲಿ ಎರ್ಗ್ ಮೇಲೆ ಮೂರನೆಯವನಾಗಿದ್ದೆ. ‘ನೀನು ಕೂತರೆ ದೋಣಿ ಸರಿಯಿಲ್ಲ ಅನಿಸುತ್ತದೆ’ ಎಂಬ ಒಂದೇ ವಾಕ್ಯದಿಂದ ನಮ್ಮ ಕೋಚ್ ನನ್ನನ್ನು ಎರಡನೆಯ ದೋಣಿಗೆ ಹಾಕಿದರು. ನನ್ನ ಜಾಗಕ್ಕೆ ಬಂದವನು ಅವರ ಮನೆಗೆ ಹೋಗಿಬರುತ್ತಿದ್ದ ಹುಡುಗ. ನನ್ನಲ್ಲಿ ನಿಜವಾಗಿಯೂ ದೋಷ ಇದ್ದಿರಬಹುದು. ಆದರೆ ಏನು ದೋಷ ಎಂದು ಯಾರೂ ಹೇಳಲಿಲ್ಲ, ತೋರಿಸಲಿಲ್ಲ, ಅಳೆಯಲಿಲ್ಲ. ಗೋಡೆಯ ಮೇಲಿನ ಪಟ್ಟಿ ಎಷ್ಟೇ ಒರಟಾಗಿರಲಿ, ಅದಕ್ಕೆ ಬೇಕಾದವರು ಬೇಡದವರು ಎಂಬುದಿಲ್ಲ. ಅದನ್ನು ಕಿತ್ತು ಹಾಕುವ ಮುನ್ನ, ಅದರ ಜಾಗದಲ್ಲಿ ಹುಡುಗಿಯರೇ ಓದಿ ಅರ್ಥಮಾಡಿಕೊಳ್ಳಬಹುದಾದ ಇನ್ನೊಂದು ಅಳತೆಯನ್ನು ಇಡಿ ಎಂಬುದಷ್ಟೇ ನನ್ನ ಮನವಿ.

ಹಳೆಯ ಕೋಚ್:

ನಿಮ್ಮ ದೂರು ನ್ಯಾಯವಾದದ್ದು. ಉತ್ತರವಿರುವುದು ಸೀಟ್ ರೇಸಿಂಗ್‌ನಲ್ಲಿ, ಅದನ್ನು ನೆಟ್ಟಗೆ ಮಾಡಿದರೆ ಮಾತ್ರ.

ನಾಲ್ಕನೆಯ ವಾರದ ಹೊತ್ತಿಗೆ ಎರಡು ನಾಲ್ಕರ ದೋಣಿಗಳನ್ನು ಅಕ್ಕಪಕ್ಕ ನಿಲ್ಲಿಸಿ. ಎರಡೂ ದೋಣಿಗೆ ಒಂದೇ ಸ್ಟ್ರೋಕ್ ದರ, ಉದಾಹರಣೆಗೆ 26, ಮೀರಿದರೆ ಆ ಸುತ್ತು ಲೆಕ್ಕಕ್ಕಿಲ್ಲ. ನಾಲ್ಕು ನಿಮಿಷ ಓಡಿಸಿ ಅಂತರವನ್ನು ಬರೆದುಕೊಳ್ಳಿ. ನಂತರ ದೋಣಿಗಳನ್ನು ಪಕ್ಕಕ್ಕೆ ತಂದು, ಒಂದೇ ಸೀಟಿನ ಇಬ್ಬರನ್ನು ಅದಲುಬದಲು ಮಾಡಿ, ಮತ್ತೆ ಅಷ್ಟೇ ಓಡಿಸಿ. ಮೊದಲ ಸುತ್ತಿನಲ್ಲಿ ‘ಅ’ ದೋಣಿ 2.4 ಸೆಕೆಂಡು ಮುಂದಿದ್ದು, ಬದಲಾವಣೆಯ ನಂತರ 0.6 ಸೆಕೆಂಡು ಹಿಂದೆ ಬಿದ್ದಿತು ಎನ್ನೋಣ. ಒಟ್ಟು ಪಲ್ಲಟ 3 ಸೆಕೆಂಡು. ಒಬ್ಬಳು ‘ಅ’ ದೋಣಿಯಿಂದ ಹೋದಳು, ಮತ್ತೊಬ್ಬಳು ಅಲ್ಲಿಗೇ ಬಂದಳು, ಹೀಗಾಗಿ ವ್ಯತ್ಯಾಸ ಎರಡು ಸಲ ಎಣಿಕೆಯಾಗಿದೆ. ಇಬ್ಬರ ನಡುವಿನ ನಿಜವಾದ ಅಂತರ ಅದರ ಅರ್ಧ, 1.5 ಸೆಕೆಂಡು. ಈ ಲೆಕ್ಕವನ್ನು ದೋಣಿಮನೆಯ ಹಲಗೆಯ ಮೇಲೆ ಬರೆದು ತೋರಿಸಬಹುದು, ಯಾವ ಹುಡುಗಿಯಾದರೂ ಮರುಎಣಿಕೆ ಮಾಡಿ ನೋಡಬಹುದು.

ಕೆಡುವುದು ಎಲ್ಲಿ ಎಂದರೆ, ಗಾಳಿ ಬೀಸುವ ದಿನ ಮಾಡುವುದು, ಐದಾರು ಸುತ್ತು ಮಾಡಿ ಕೊನೆಯವರಿಗೆ ದಣಿದ ತಂಡವನ್ನು ಕೊಡುವುದು, ಯಾರ ಸರದಿ ಎಂದು ಮೊದಲೇ ಹೇಳಿಬಿಡುವುದು. ಗೆಳತಿಗಾಗಿ ಒಂದು ಸುತ್ತು ಹೆಚ್ಚು ಎಳೆದು ಇನ್ನೊಂದು ಸುತ್ತು ಸಡಿಲ ಬಿಡುವ ಮಕ್ಕಳನ್ನು ನಾನು ನೋಡಿದ್ದೇನೆ. ಅರ್ಧ ಸೆಕೆಂಡಿನ ಫಲಿತಾಂಶವನ್ನು ಫಲಿತಾಂಶವೆಂದೇ ನಾನು ಪರಿಗಣಿಸುವುದಿಲ್ಲ. ಇನ್ನೊಂದು ದಿನ ಮತ್ತೆ ಮಾಡುತ್ತೇನೆ.

ಕಾಕ್ಸ್ ಆಗಿದ್ದವಳು:

ಇಷ್ಟು ಹೊತ್ತಾದರೂ ನಿಮ್ಮ ಇಬ್ಬರು ಕಾಕ್ಸ್‌ಗಳನ್ನು ಯಾರೂ ಏನೂ ಕೇಳಿಲ್ಲವಲ್ಲ! ದೋಣಿಯಲ್ಲಿ ಎಲ್ಲರ ಮುಖವೂ ನಮ್ಮ ಕಡೆಗಿರುತ್ತದೆ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ನಮಗೆ ಕಾಣುವುದು ಎದುರಿನ ಸ್ಟ್ರೋಕ್ ಹುಡುಗಿಯ (ಎಂಟನೆಯ ಸೀಟಿನಲ್ಲಿ ಕೂತು ಲಯ ಹಾಕುವವಳು) ಮುಖ ಮತ್ತು ಎರಡೂ ಬದಿಯ ಅಲಗುಗಳು, ಅಷ್ಟೇ. ಉಳಿದದ್ದೆಲ್ಲ ಕಿವಿಗೆ ಮತ್ತು ಸೊಂಟಕ್ಕೆ ಗೊತ್ತಾಗುತ್ತದೆ. ದೋಣಿ ಚೆನ್ನಾಗಿ ಓಡುವಾಗ ತಳದಡಿ ಗುಳ್ಳೆಗಳು ಹರಿಯುವ ಸದ್ದು ರಿಕವರಿಯುದ್ದಕ್ಕೂ ಕೇಳುತ್ತಿರುತ್ತದೆ. ಯಾರಾದರೂ ಸ್ಲೈಡಿನಲ್ಲಿ ಧಾವಿಸಿದರೆ ಆ ಸದ್ದು ಕತ್ತರಿಸಿದಂತೆ ನಿಂತು, ಸೀಟು ಬೆನ್ನಿಗೆ ಗುದ್ದುತ್ತದೆ. ಯಾವ ಜೋಡಿ ಬದಲಾದಾಗ ಗುದ್ದು ಕಡಿಮೆಯಾಯಿತು ಎಂದು ಅವರನ್ನು ಪ್ರತ್ಯೇಕವಾಗಿ ಕೇಳಿ.

ಹೊರಗಿನಿಂದ ನೋಡುವ ನಿಮಗೆ ಸುಳಿಗಳಿವೆ. ಪ್ರತಿ ಅಲಗು ನೀರಿನಿಂದ ಎದ್ದಾಗ ಒಂದು ಸುಳಿಯನ್ನು ಬಿಟ್ಟುಹೋಗುತ್ತದೆ. ದೋಣಿಗೆ ಬಲವನ್ನು ನಿಜವಾಗಿ ಕೊಟ್ಟವಳ ಸುಳಿ ಚಿಕ್ಕದಾಗಿ, ಗಾಢವಾಗಿ, ಒಳಕ್ಕೆ ಸುತ್ತುತ್ತದೆ. ನೀರನ್ನು ಬರಿದೆ ಕಲಕಿದವಳದು ಬಿಳಿಯ ನೊರೆಯಾಗಿ ಹರಡುತ್ತದೆ. ನನಗೆ ತರಬೇತಿ ಕೊಟ್ಟ ಕೋಚ್ ದೋಣಿಯನ್ನು ನೋಡುತ್ತಲೇ ಇರಲಿಲ್ಲ, ಅದು ಹಾದುಹೋದ ಮೇಲೆ ನೀರನ್ನು ನೋಡುತ್ತಿದ್ದರು. ಎರಡನೆಯ ಸೀಟಿನ ಸುಳಿ ಇದ್ದ ಜಾಗವನ್ನು ದಾಟಿಯೇ ಎಂಟನೆಯ ಸೀಟಿನವಳ ಮುಂದಿನ ಕ್ಯಾಚ್ ಬಿದ್ದರೆ ಆ ದಿನ ಅವರು ಬೈಯುತ್ತಿರಲಿಲ್ಲ.

ಮತ್ತೊಂದು ವಿಷಯ. ಕಾಕ್ಸ್‌ಗಳು ಹಗುರವಾಗಿದ್ದಷ್ಟೂ ಒಳ್ಳೆಯದು ಎಂದು ಅವರನ್ನು ಊಟ ಬಿಡಿಸಬೇಡಿ. ಅಂತರರಾಷ್ಟ್ರೀಯ ನಿಯಮದಲ್ಲಿ ಕಾಕ್ಸ್‌ನ ಕನಿಷ್ಠ ತೂಕ 55 ಕೆ.ಜಿ.; ಕಡಿಮೆ ಇದ್ದರೆ 15 ಕೆ.ಜಿ. ವರೆಗೆ ಜಡಭಾರವನ್ನು ಜೊತೆಗೆ ಹೊತ್ತೊಯ್ಯಬೇಕಾಗುತ್ತದೆ. ಉಪವಾಸವಿದ್ದು ಗಳಿಸಿದ್ದನ್ನು ಮರಳಿನ ಚೀಲದಲ್ಲಿ ವಾಪಸ್ ಇಟ್ಟುಕೊಳ್ಳುವುದರಲ್ಲಿ ಅರ್ಥವೇನಿದೆ?

ರಿಗ್ಗಿಂಗ್ ಮಾಡುವವನು:

ದೋಣಿಯ ಅಳತೆಗಳನ್ನು ಹೊಂದಿಸುವ ನನ್ನದು ಸಣ್ಣ ಪ್ರಶ್ನೆ. ಆ ಎಂಟರ ದೋಣಿಯನ್ನು ಈ ಮುಂಚೆ ಯಾರು ಬಳಸುತ್ತಿದ್ದರು?

ಹೊಸ ಕೋಚ್:

ಹುಡುಗರ ತಂಡ. ಅವರಿಗೆ ಹೊಸ ದೋಣಿ ಬಂದ ಮೇಲೆ ಇದು ನಮಗೆ ಬಂತು.

ರಿಗ್ಗಿಂಗ್ ಮಾಡುವವನು:

ಹಾಗಿದ್ದರೆ ಹುಡುಗಿಯನ್ನು ದೂರುವ ಮೊದಲು ಸ್ಪ್ಯಾನರ್ ಕೈಗೆತ್ತಿಕೊಳ್ಳಿ. ದೋಣಿ ದಡದಲ್ಲಿ ಸ್ಥಿರವಾಗಿ ನಿಂತಿರುವಾಗ ಅವಳನ್ನು ಫಿನಿಶ್ ಭಂಗಿಯಲ್ಲಿ ಕೂರಿಸಿ, ಅಲಗು ನೀರಿನಲ್ಲಿ ಮುಳುಗಿರುವಷ್ಟು ಎತ್ತರಕ್ಕೆ ಹಿಡಿಕೆ ತರಿಸಿ. ಹಿಡಿಕೆ ಕೆಳಗಿನ ಪಕ್ಕೆಲುಬಿನ ಹತ್ತಿರ ಬರಬೇಕು. ಎದೆಯ ಮೇಲಕ್ಕೆ ಬರುತ್ತಿದ್ದರೆ ಗೇಟ್ (ಹುಟ್ಟನ್ನು ಹಿಡಿದಿಡುವ ಕೊಂಡಿ) ತುಂಬ ಎತ್ತರದಲ್ಲಿದೆ. ಅವಳು ಭುಜವನ್ನು ಕಿವಿಗೆ ಎತ್ತಿ ಎಳೆಯುತ್ತಾಳೆ, ಅಲಗು ಮೊದಲೇ ಮೇಲೆದ್ದು ನೀರನ್ನು ಬಿಟ್ಟುಬಿಡುತ್ತದೆ. ಗೇಟ್ ಕೆಳಗಿನ ವಾಷರ್‌ಗಳನ್ನು ಒಂದೊಂದಾಗಿ ಮೇಲಕ್ಕೆ ಹಾಕಿದರೆ ಎತ್ತರ ಇಳಿಯುತ್ತದೆ. ಅಲಗಿನ ಓರೆ 4 ಡಿಗ್ರಿ ಇದೆಯೇ ಎಂದು ಅಳತೆಗೋಲಿನಿಂದ ನೋಡಿ. ಹುಡುಗರಿಗಾಗಿ ಇಟ್ಟ ಹುಟ್ಟಿನ ಹೊರೆಯೂ ಹೆಚ್ಚಿರುತ್ತದೆ. ಹುಟ್ಟಿನ ಕಾಲರ್ (ಗೇಟಿಗೆ ಒರಗುವ ಉಂಗುರ) ಮೇಲೆ ಒಂದು ಸೆಂಟಿಮೀಟರಿನ ಕ್ಲ್ಯಾಮ್ (ಸಿಕ್ಕಿಸುವ ತುಂಡು) ಹಾಕಿದರೆ ಅಷ್ಟರಮಟ್ಟಿಗೆ ಹಗುರವಾಗುತ್ತದೆ. ಗಾಳಿ ಎದುರಿಗಿರುವ ದಿನವೂ ಅದೇ ಉಪಾಯ.

ಎಲ್ಲಕ್ಕಿಂತ ಮೊದಲು ಷೂ ನೋಡಿ. ಹುಡುಗರ ಅಳತೆಯ ಷೂವಿನಲ್ಲಿ ಹುಡುಗಿಯ ಪಾದ ಒಳಗೇ ಜಾರುತ್ತದೆ, ಕಾಲಿನ ಒತ್ತಡ ಷೂ ಜೋಡಿಸಿರುವ ಹಲಗೆಗೆ, ಅಂದರೆ ಫುಟ್‌ಸ್ಟ್ರೆಚರ್‌ಗೆ, ತಡವಾಗಿ ತಲುಪುತ್ತದೆ. ಷೂ ಬದಲಿಸುವಾಗ ಹಿಮ್ಮಡಿಯ ದಾರ ಗಟ್ಟಿಯಿದೆಯೇ ಎಂದು ಎಳೆದು ನೋಡಿ. ದೋಣಿ ಮಗುಚಿದಾಗ ಕಾಲು ಷೂವಿನಿಂದ ಕಳಚಿಕೊಳ್ಳುವುದು ಆ ದಾರದಿಂದಲೇ.

ಒಬ್ಬ ರೋವರ್‌ನ ತಂದೆ:

ಮಗುಚುವ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ವಸಂತದ ಆರಂಭದಲ್ಲಿ ಬಿಸಿಲು ಚೆನ್ನಾಗಿದ್ದರೂ ನೀರು ಇನ್ನೂ ಕೊರೆಯುತ್ತಿರುತ್ತದೆ. ಈಜು ಬರುವ ಮಕ್ಕಳಿಗೂ ಅಪಾಯವಿದೆಯೇ?

ಹಳೆಯ ಕೋಚ್:

ಇದೆ. ತಣ್ಣೀರಿಗೆ ಸಂಬಂಧಿಸಿ 1-10-1 ಎಂಬ ಲೆಕ್ಕವನ್ನು ಎಲ್ಲ ಹುಡುಗಿಯರಿಗೂ ಬಾಯಿಪಾಠ ಮಾಡಿಸಬೇಕು. ಬಿದ್ದ ಮೊದಲ ಒಂದು ನಿಮಿಷ ಉಸಿರು ತಾನಾಗಿ ಏದುಸಿರಾಗುತ್ತದೆ, ಆಗ ಮಾಡಬೇಕಾದದ್ದು ಉಸಿರಾಟವನ್ನು ಹತೋಟಿಗೆ ತರುವುದೊಂದೇ. ನಂತರದ ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತವೆ. ದೇಹ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ ಬೇಕು. ಈಜು ಬರುವವರು ಸಾಯುವುದು ಹೆಚ್ಚಾಗಿ ಮೊದಲ ಎರಡು ಹಂತಗಳಲ್ಲಿ, ದಡದತ್ತ ಈಜಲು ಹೊರಟು. ದೋಣಿ ಮುಳುಗುವುದಿಲ್ಲ, ಅದನ್ನು ಬಿಡಕೂಡದು. ಕೋಚ್‌ನ ಮೋಟಾರು ದೋಣಿ ಜೊತೆಯಲ್ಲಿಲ್ಲದೆ, ಅದರಲ್ಲಿ ಎಲ್ಲರಿಗೂ ಸಾಕಾಗುವಷ್ಟು ಲೈಫ್ ಜಾಕೆಟ್ ಇಲ್ಲದೆ ಈ ತಿಂಗಳುಗಳಲ್ಲಿ ತಂಡವನ್ನು ನೀರಿಗೆ ಬಿಡಬಾರದು.

ಫಿಸಿಯೊಥೆರಪಿಸ್ಟ್:

ಎರ್ಗ್‌ನಿಂದ ನೀರಿಗೆ ಬರುವ ಈ ವಾರಗಳಲ್ಲಿಯೇ ನನ್ನ ಬಳಿಗೆ ಹುಡುಗಿಯರು ಬರಲಾರಂಭಿಸುತ್ತಾರೆ. ಅಂಗೈಯ ಗುಳ್ಳೆಗಳಿಗೆ ನಾನು ಹೆದರುವುದಿಲ್ಲ. ನನ್ನ ಭಯ ಪಕ್ಕೆಲುಬಿನದು. ಒಂದೇ ಬದಿಗೆ ತಿರುಗಿ ಎಳೆಯುವ ಸ್ವೀಪ್ ರೋಯಿಂಗ್‌ನಲ್ಲಿ, ಅಭ್ಯಾಸದ ಪ್ರಮಾಣ ಇದ್ದಕ್ಕಿದ್ದಂತೆ ಏರಿದಾಗ, ಪಕ್ಕೆಲುಬಿನಲ್ಲಿ ಒತ್ತಡದ ಬಿರುಕು ಬಿಡುವುದು ರೋವರ್‌ಗಳಿಗೆ ಚಿರಪರಿಚಿತ ಗಾಯ. ಮೊದಲು ಎದೆಯ ಬದಿಯಲ್ಲಿ ಎಲ್ಲೋ ಹಿಡಿದಂತೆ ಅನಿಸುತ್ತದೆ, ಆಮೇಲೆ ಕೆಮ್ಮಿದರೆ, ಹಾಸಿಗೆಯಲ್ಲಿ ಮಗ್ಗಲು ಬದಲಿಸಿದರೆ ಚುಚ್ಚುತ್ತದೆ. ಆ ಹಂತದಲ್ಲಿ ನಿಲ್ಲಿಸಿದರೆ ವಾರಗಳಲ್ಲಿ ಮುಗಿಯುವುದು, ಮುಚ್ಚಿಟ್ಟರೆ ಋತುವನ್ನೇ ನುಂಗುತ್ತದೆ. ಆಯ್ಕೆ ನಡೆಯುತ್ತಿರುವಾಗ ಯಾವ ಹುಡುಗಿಯೂ ತಾನಾಗಿ ಹೇಳುವುದಿಲ್ಲ ಎಂಬುದನ್ನು ನೆನಪಿಡಿ, ಮೇಡಂ. ನೋವು ಹೇಳಿದವಳ ಸೀಟ್ ರೇಸ್ ಮುಂದಕ್ಕೆ ಹೋಗುತ್ತದೆಯೇ ಹೊರತು ರದ್ದಾಗುವುದಿಲ್ಲ ಎಂದು ಮೊದಲ ದಿನವೇ ಸಾರಿಬಿಡಿ.

ಎರಡನೆಯದು, ತಕ್ಕಡಿಯನ್ನು ದೋಣಿಮನೆಯಿಂದ ಹೊರಗಿಡಿ. ಹಗುರ ತೂಕದ ವಿಭಾಗ 1996ರಲ್ಲಿ ಒಲಿಂಪಿಕ್ಸ್‌ಗೆ ಬಂದು 2024ರಲ್ಲಿ ಕೊನೆಗೊಂಡಿತು. ಆದರೆ ‘ಹಗುರವಾದರೆ ದೋಣಿ ಓಡುತ್ತದೆ’ ಎಂಬ ಮಾತು ಮಾತ್ರ ಹುಡುಗಿಯರ ನಡುವೆ ಓಡಾಡುತ್ತಲೇ ಇದೆ. ಬೆಳೆಯುವ ದೇಹಕ್ಕೆ ಅಭ್ಯಾಸದ ಖರ್ಚನ್ನು ತುಂಬುವಷ್ಟು ಊಟ ಸಿಗದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸೊರಗುತ್ತದೆ, ಆ ಪಕ್ಕೆಲುಬೇ ಮೊದಲು ಬಿರುಕು ಬಿಡುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ (ಕ್ರೀಡೆಯಲ್ಲಿ ಸಾಪೇಕ್ಷ ಶಕ್ತಿಯ ಕೊರತೆ) ಎಂದು ಹೆಸರಿಟ್ಟಿತು. ಮೂರು ತಿಂಗಳು ಮುಟ್ಟು ತಪ್ಪಿದವಳನ್ನು ವೈದ್ಯರ ಬಳಿಗೆ ಕಳಿಸಬೇಕು. ಈ ಪ್ರಶ್ನೆಯನ್ನು ಕೇಳಲು ಸಂಕೋಚಪಡದ ಒಬ್ಬ ಹೆಂಗಸಾದರೂ ತಂಡದ ಜೊತೆ ಇರಲಿ. ನಿಮ್ಮಲ್ಲಿ ಕೋಚೇ ಹೆಂಗಸು ಎಂಬುದು ಅವರ ಅದೃಷ್ಟ.

ಅಂಕಿಯ ಪಕ್ಷದವನು:

ಒಂದು ಅನುಮಾನ. ಹುಡುಗಿಯರಿಗೆ ಅಭ್ಯಾಸದ ಪ್ರಮಾಣವನ್ನೇ ಕಡಿಮೆ ಇಟ್ಟರೆ ಇವೆಲ್ಲ ತಪ್ಪುವುದಿಲ್ಲವೇ?

ಫಿಸಿಯೊಥೆರಪಿಸ್ಟ್:

ಇಲ್ಲ. ತೊಂದರೆ ಇರುವುದು ಪ್ರಮಾಣ ಒಮ್ಮೆಲೇ ಜಿಗಿಯುವುದರಲ್ಲಿ, ಊಟ ಅದಕ್ಕೆ ತಕ್ಕಂತೆ ಏರದಿರುವುದರಲ್ಲಿ. ‘ಹುಡುಗಿಯರಿಗೆ ಕಡಿಮೆ’ ಎಂಬ ಲೆಕ್ಕ ಈ ಆಟದಲ್ಲಿ ಬಹುಕಾಲ ನಡೆಯಿತು. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಮಹಿಳೆಯರಿಗೆ ಒಲಿಂಪಿಕ್ಸ್‌ನಲ್ಲಿ ಹುಟ್ಟು ಹಾಕಲು ಮೊದಲ ಸಲ ಅವಕಾಶ ಸಿಕ್ಕಾಗ ಅವರ ದೂರ 1000 ಮೀಟರ್, ಪುರುಷರದು 2000. ಎರಡೂ ಒಂದಾದದ್ದು 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ.

ಹೊಸ ಕೋಚ್ (ಐದನೆಯ ವಾರದ ಕೊನೆ):

ಎಲ್ಲರಿಗೂ ವರದಿ ಒಪ್ಪಿಸಬೇಕಾದ ಋಣ ನನ್ನ ಮೇಲಿದೆ.

ಮೊದಲು ಷೂ. ಎರ್ಗ್‌ನಲ್ಲಿ ಮೊದಲು ಬಂದವಳ ಸೀಟಿನಲ್ಲಿದ್ದ ಷೂವಿನೊಳಗೆ ಅವಳ ಹಿಮ್ಮಡಿಯ ಹಿಂದೆ ನನ್ನ ಎರಡು ಬೆರಳು ಸಲೀಸಾಗಿ ಹೋದವು. ಪಾದ ಜಾರದಿರಲೆಂದು ಅವಳು ಬೆರಳುಗಳನ್ನು ಮಡಚಿ ಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು, ಅದೇ ಪಟ್ಟಿಯಿಂದ ದೇಹವನ್ನು ಎಳೆದುಕೊಂಡು ಸ್ಲೈಡಿನಲ್ಲಿ ಧಾವಿಸುತ್ತಿದ್ದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ದೊಡ್ಡ ಷೂ ಎಲ್ಲರಿಗೂ ಇದೆಯಲ್ಲ ಎಂದುಕೊಂಡಿದ್ದಳು. ಷೂ ಬದಲಾಯಿತು, ಗೇಟ್ ಎರಡು ವಾಷರ್ ಕೆಳಗಿಳಿಯಿತು. ಕಾಲು ಹೊರಗಿಟ್ಟು ಹುಟ್ಟು ಹಾಕಿಸಿದ ಮೊದಲ ದಿನ ಅವಳು ಮೂರು ಸಲ ಹಿಂದಿನವಳ ಕಾಲ ಮೇಲೆ ಉರುಳಿ ಬಿದ್ದಳು. ಹತ್ತನೆಯ ದಿನ ಬೀಳುವುದು ನಿಂತಿತು. ತಡವರಿಕೆ ಪೂರ್ತಿ ಹೋಗಿದೆ ಎನ್ನಲಾರೆ, ಸ್ಟ್ರೋಕ್ ದರ 30 ದಾಟಿದಾಗ ಇನ್ನೂ ಇಣುಕುತ್ತದೆ.

ಸೀಟ್ ರೇಸಿಂಗನ್ನು ಎರಡು ಬೆಳಗ್ಗೆ ಮಾಡಿದೆವು. ಇವಳನ್ನೂ ಒಂಬತ್ತನೆಯವಳನ್ನೂ ಅದಲುಬದಲು ಮಾಡಿದಾಗ ಮೊದಲ ದಿನ ಅರ್ಧ ಸೆಕೆಂಡಿನ ಅಂತರ ಒಂಬತ್ತನೆಯವಳ ಪರವಾಗಿ, ಎರಡನೆಯ ದಿನ ಹೆಚ್ಚುಕಡಿಮೆ ಅಷ್ಟೇ ಅಂತರ ಇವಳ ಪರವಾಗಿ ಬಂತು. ಅಂದರೆ ಎರ್ಗ್ ಮೇಲಿನ 28 ಸೆಕೆಂಡು ನೀರಿನ ಮೇಲೆ ಮಾಯವಾಗಿದೆ. ಆದರೆ ನಾನು ನಾಲ್ಕನೆಯ ದಿನ ಕಣ್ಣಿನಿಂದ ಕಂಡಿದ್ದೂ ಪೂರ್ತಿ ನಿಜವಲ್ಲ. ಅಚ್ಚರಿ ಇದ್ದದ್ದು ಬೇರೆಡೆ. ಪಟ್ಟಿಯಲ್ಲಿ ಐದನೆಯವಳು, ನಾನು ಅನುಮಾನವನ್ನೇ ಪಡದಿದ್ದವಳು, ಎರಡೂ ದಿನ ಎರಡು ಸೆಕೆಂಡಿಗಿಂತ ಹೆಚ್ಚು ಅಂತರದಲ್ಲಿ ಸೋತಳು. ಇಬ್ಬರು ಕಾಕ್ಸ್‌ಗಳನ್ನು ಬೇರೆ ಬೇರೆಯಾಗಿ ಕೇಳಿದೆ. ಇಬ್ಬರೂ ಅವಳ ಹೆಸರನ್ನೇ ಹೇಳಿದರು, ಕೇಳುವುದಕ್ಕೇ ಕಾಯುತ್ತಿದ್ದಂತೆ.

ಹೀಗಾಗಿ ಈಗ ಎರ್ಗ್ ಪಟ್ಟಿಯ ಮೊದಲಿನವಳು ಐದನೆಯ ಸೀಟಿನಲ್ಲಿ, ಬಲ ಬೇಕಾದ ನಡುಭಾಗದಲ್ಲಿ, ಇದ್ದಾಳೆ. ಒಂಬತ್ತನೆಯವಳು ಏಳನೆಯ ಸೀಟಿನಲ್ಲಿ ಕೂತು ಸ್ಟ್ರೋಕ್‌ನ ಲಯವನ್ನು ಇನ್ನೊಂದು ಬದಿಗೆ ದಾಟಿಸುತ್ತಿದ್ದಾಳೆ. ಪಟ್ಟಿಯಲ್ಲಿ ಐದನೆಯವಳಾಗಿದ್ದ ಹುಡುಗಿಗೆ ಹಲಗೆಯ ಮೇಲಿನ ಲೆಕ್ಕವನ್ನು ತೋರಿಸಿ, ಅವಳ ಹುಟ್ಟಿನ ವಿಡಿಯೊವನ್ನೂ ಪಕ್ಕದಲ್ಲಿ ಕೂತು ನೋಡಿದೆ. ಅವಳ ಅಲಗು ಕ್ಯಾಚ್‌ನಲ್ಲಿ ನೀರಿಗಿಂತ ಒಂದು ಗೇಣು ಮೇಲೆ ತೂಗಾಡಿ ಆಮೇಲೆ ಇಳಿಯುತ್ತದೆ, ಅಷ್ಟರಲ್ಲಿ ಕಾಲು ಒತ್ತಿ ಆಗಿರುತ್ತದೆ. ಅವಳು ಅತ್ತಳು, ಆಮೇಲೆ ಆ ಭಾಗವನ್ನು ಇನ್ನೊಮ್ಮೆ ಹಾಕಿ ಎಂದಳು. ನಾಲ್ಕರ ದೋಣಿಯಲ್ಲಿ ಸ್ಟ್ರೋಕ್ ಸೀಟು ಅವಳದು.

ಗೋಡೆಯ ಪಟ್ಟಿಯನ್ನು ನಾನು ಕೀಳಲಿಲ್ಲ. ಅದರ ಪಕ್ಕದಲ್ಲಿ ಸೀಟ್ ರೇಸಿನ ಹಾಳೆಯನ್ನೂ ಅಂಟಿಸಿದ್ದೇನೆ, ಎರಡೂ ದಿನದ ಸಮಯಗಳು, ಗಾಳಿಯ ದಿಕ್ಕು, ಸ್ಟ್ರೋಕ್ ದರ ಎಲ್ಲವೂ ಅದರಲ್ಲಿದೆ. ನಾಳೆಯಿಂದ ಸ್ಟಾರ್ಟ್ ಅಭ್ಯಾಸ. ಅರ್ಧ, ಅರ್ಧ, ಮುಕ್ಕಾಲು, ಪೂರ್ಣ ಸ್ಲೈಡ್ ಎಂಬ ಕ್ರಮ ಎಂಟು ಜನಕ್ಕೂ ಬಾಯಲ್ಲಿ ಬರುತ್ತದೆ, ದೋಣಿಯಲ್ಲಿ ಇನ್ನೂ ಬಂದಿಲ್ಲ.